ಬೋರ್ಡಕ್ಕ ಕಾಯುವ ಎಂಟಡಿ ಮಣ್ಣು

ಬೆಳಗಿನ ಆರು ಗಂಟೆ. ವಿಶ್ವವಿದ್ಯಾಲಯದ ಗ್ರಂಥಾಲಯದ ಹಿಂದೆ, ಸೈಕಲ್ ಸ್ಟ್ಯಾಂಡಿಗೂ ನೀರಿನ ಟ್ಯಾಂಕಿಗೂ ನಡುವೆ ಇರುವ ಬೋಳು ನೆಲದಲ್ಲಿ ಹೆಂಗಸೊಬ್ಬರು ಮಂಡಿಯೂರಿ ಕೂತಿದ್ದಾರೆ. ಉದ್ದ ಹಿಡಿಯ ಪೊರಕೆ ಪಕ್ಕದಲ್ಲಿ ಮಲಗಿದೆ. ಮಣ್ಣಿಗೆ ಬೆರಳು ತಾಗಿಸದೆ ಅವರು ಏನನ್ನೋ ಎಣಿಸುತ್ತಿದ್ದಾರೆ. ಬಗ್ಗಿ ನೋಡಿದರೆ ಪೆನ್ಸಿಲ್ ತೂರುವಷ್ಟೇ ಅಗಲದ ತೂತುಗಳು, ಒಂದೊಂದರ ಸುತ್ತಲೂ ಚಿಟಿಕೆ ಪುಡಿಮಣ್ಣು.

"ಅರವತ್ತೆರಡು. ನಿನ್ನೆ ಐವತ್ತೇಳಿತ್ತು. ಐದು ಜನ ಹೊಸ ಬಾಣಂತಿಯರು ಬಂದಿದಾರೆ ನೋಡಿ" ಎನ್ನುತ್ತಾರೆ.

ಈ ಬಾಣಂತಿಯರು ನೆಲದಲ್ಲಿ ಗೂಡು ಮಾಡುವ ಒಂಟಿ ಜೇನುಹುಳಗಳು. ಇವಕ್ಕೆ ರಾಣಿಯಿಲ್ಲ, ಆಳುಗಳಿಲ್ಲ. ಒಂದೊಂದು ಹೆಣ್ಣೂ ತನ್ನ ಬಿಲ ತಾನೇ ತೋಡಿ, ಹೂವಿನ ಪರಾಗ ಹೊತ್ತು ತಂದು ತುಂಬಿ, ಮೊಟ್ಟೆಯಿಟ್ಟು, ಬಾಗಿಲು ಮುಚ್ಚಿ ಸಾಯುತ್ತದೆ. "ಮಕ್ಕಳ ಮುಖ ನೋಡೋ ಭಾಗ್ಯ ಇಲ್ಲ ಇವಕ್ಕೆ. ಆದ್ರೂ ಬುತ್ತಿ ಕಟ್ಟಿಟ್ಟು ಹೋಗ್ತವೆ" ಎಂದು ಎದ್ದು, ಮಂಡಿಯ ಮಣ್ಣು ಕೊಡವಿ ಪೊರಕೆ ಎತ್ತಿಕೊಳ್ಳುತ್ತಾರೆ.

ಕ್ಯಾಂಪಸ್ಸಿನಲ್ಲಿ ಜೊತೆಯ ಕೆಲಸದವರು ಇವರನ್ನು ಕರೆಯುವುದು ಬೋರ್ಡಕ್ಕ ಎಂದು. ಗುತ್ತಿಗೆಯ ಮೇಲೆ ತೋಟದ ಕೆಲಸ. ಆರಕ್ಕೆ ಬಂದು ಎರಡಕ್ಕೆ ಬಿಡಬೇಕು. ದಿನಕ್ಕೆ ಮೂರು ಎಕರೆ ಗುಡಿಸುವುದು, ಇಪ್ಪತ್ತು ಇಪ್ಪತ್ತೆರಡು ಚೀಲ ತರಗೆಲೆ ಹೊರುವುದು, ನಾನೂರು ಕುಂಡಕ್ಕೆ ನೀರು. ಹದಿನಾಲ್ಕು ವರ್ಷದಿಂದ ಇದೇ ದುಡಿಮೆ. ಆದರೆ ದಾಖಲೆಯ ಪ್ರಕಾರ ಅವರು ಸೇರಿ ಇನ್ನೂ ಹನ್ನೊಂದು ತಿಂಗಳೂ ತುಂಬಿಲ್ಲ. ಪ್ರತಿ ಹನ್ನೊಂದು ತಿಂಗಳಿಗೊಮ್ಮೆ ಒಂದು ದಿನ ಮನೆಗೆ ಕಳಿಸಿ, ಮಾರನೇ ದಿನ ಹೊಸಬರೆಂದು ಸೇರಿಸಿಕೊಳ್ಳುತ್ತಾರೆ. ಹೀಗೆ ಮಾಡಿದರೆ ಯಾರನ್ನೂ ಕಾಯಂ ಮಾಡುವ ತಕರಾರಿಲ್ಲವಲ್ಲ. ಬೋರ್ಡಕ್ಕನ ಈ ಸಲದ ಹನ್ನೊಂದು ತಿಂಗಳು ಮುಗಿಯುವುದು ಇದೇ ತಿಂಗಳ ಕೊನೆಗೆ.

ಬೋರ್ಡಿನ ಕಥೆ ಮೂರು ವರ್ಷದ ಹಿಂದಿನದು. ಇಲ್ಲಿ ಗುಡಿಸುವಾಗ ಪೊರಕೆಯ ಮಣ್ಣು ಬಿದ್ದು ಒಂದು ಬಿಲ ಮುಚ್ಚಿಹೋಗಿತ್ತು. "ಹುಳ ಕಾಲಿಗೆಲ್ಲ ಹಳದಿ ಪುಡಿ ಮೆತ್ಕೊಂಡು ಬಂತು. ಬಾಗಿಲೇ ಇಲ್ಲ. ಸುತ್ತುತ್ತೆ, ಕೂರುತ್ತೆ, ಮತ್ತೆ ಸುತ್ತುತ್ತೆ. ಬಾಡಿಗೆ ಮನೆಗೆ ಮಾಲೀಕ್ರು ಬೀಗ ಹಾಕಿದಾಗ ನಾನೂ ನನ್ನ ಮಗಳೂ ಹಂಗೇ ನಿಂತಿದ್ವಿ. ನನ್ನ ಕೈಯಿಂದ್ಲೇ ಇನ್ನೊಬ್ಬರಿಗೆ ಹಿಂಗಾಯ್ತಲ್ಲ ಅನ್ನಿಸ್ತು." ಪೊರಕೆಯ ಒಂದು ಕಡ್ಡಿ ಕಿತ್ತು, ನಿಧಾನಕ್ಕೆ ಮಣ್ಣು ಬಿಡಿಸಿ ಬಾಗಿಲು ತೆರೆದುಕೊಟ್ಟರಂತೆ.

ಆದರೆ ತಾವು ಗುಡಿಸದಿದ್ದರೆ ಸಾಕೇ? ಇನ್ಯಾರೋ ಅಗೆಯುತ್ತಾರೆ, ಗಾಡಿ ನಿಲ್ಲಿಸುತ್ತಾರೆ. ಟ್ಯಾಂಕಿನ ಹಿಂದೆ ಯಾರೋ ಬಿಟ್ಟುಹೋಗಿದ್ದ ಹಳದಿ ಬೋರ್ಡೊಂದು ಬಿದ್ದಿತ್ತು. 'ಕೆಲಸ ನಡೆಯುತ್ತಿದೆ. ಈ ಕಡೆ ಬರಬೇಡಿ.' ಅದನ್ನು ತೊಳೆದು ತಂದು ನೆಟ್ಟರು. ಅಷ್ಟೇ. ವಿದ್ಯುತ್ ವಿಭಾಗದವರು ಇದು ನೀರಿನವರ ಕೆಲಸ ಅಂದುಕೊಂಡರು, ನೀರಿನವರು ಕಟ್ಟಡದವರದ್ದು ಅಂದುಕೊಂಡರು, ಕಟ್ಟಡದವರು ಟೆಲಿಫೋನಿನವರದ್ದು ಅಂದುಕೊಂಡರು. ಮೂರು ವರ್ಷ ಒಬ್ಬರೂ ಕೇಳಲಿಲ್ಲ. ಎಂಟಡಿ ಉದ್ದದ ಮಣ್ಣು ಉಳಿಯಿತು, ಹನ್ನೆರಡು ಬಿಲ ಅರವತ್ತೆರಡಾಯಿತು.

ಕೇಳಿದವರು ಒಬ್ಬರೇ, ಕೀಟ ವಿಭಾಗದ ಮೇಷ್ಟ್ರು. ಬೋರ್ಡಕ್ಕ ಮಣ್ಣು ತೋರಿಸಿದರು, ಹುಳ ತೋರಿಸಿದರು, ಯಾವ ತಿಂಗಳು ಬರುತ್ತವೆ, ಯಾವ ಹೂವಿಗೆ ಹೋಗುತ್ತವೆ ಎಲ್ಲವನ್ನೂ ಹೇಳಿದರು. ಮೇಷ್ಟ್ರು ಬರೆದುಕೊಂಡರು.

ಈಗ ಬರುವ ಶುಕ್ರವಾರದಿಂದ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ, ನಿಸರ್ಗ ಮತ್ತು ಆರೋಗ್ಯ ಸಪ್ತಾಹ. ಸಾರ್ವಜನಿಕರಿಗೆಲ್ಲ ಮುಕ್ತ. ದೂರದರ್ಶಕದಲ್ಲಿ ಗ್ರಹ ನೋಡಬಹುದು, ರಕ್ತದೊತ್ತಡ ಪರೀಕ್ಷಿಸಿಕೊಳ್ಳಬಹುದು. ಭಾನುವಾರ ಒಂಬತ್ತಕ್ಕೆ 'ಜೇನು ನಡಿಗೆ'. ಹೊಳೆಯುವ ಕಾಗದದ ಕೈಪಿಡಿಯ ನಾಲ್ಕನೇ ಪುಟದಲ್ಲಿ ಈ ಮಣ್ಣಿನದೇ ಫೋಟೋ. ಕೆಳಗೆ 'ನಮ್ಮ ವಿಭಾಗ ಮೂರು ವರ್ಷಗಳಿಂದ ಜತನದಿಂದ ಕಾಪಾಡಿಕೊಂಡು ಬಂದ ತಾಣ' ಎಂದಿದೆ. ಹನ್ನೊಂದು ಜನರ ಹೆಸರಿದೆ. ಅವರಲ್ಲಿ ಪೊರಕೆ ಹಿಡಿದವರು ಒಬ್ಬರೂ ಇಲ್ಲ.

ಇಷ್ಟೇ ಆಗಿದ್ದರೆ ಲೋಕವೇ ಹೀಗೆ ಎಂದು ಸುಮ್ಮನಾಗಬಹುದಿತ್ತು. ಆದರೆ ಸಪ್ತಾಹಕ್ಕಾಗಿ ಕ್ಯಾಂಪಸ್ ಚೆಂದ ಮಾಡಲು ಹೊರಟ ಎಸ್ಟೇಟ್ ಅಧಿಕಾರಿಯ ಕಣ್ಣಿಗೆ ಬೋರ್ಡು ಬಿತ್ತು. ಯಾರ ಕೆಲಸ ಎಂದು ವಿಚಾರಿಸಿದರು. ಯಾರದ್ದೂ ಅಲ್ಲ. ಬೋರ್ಡು ಕಿತ್ತು ಗೋದಾಮಿಗೆ ಹಾಕಿಸಿದರು, ಕೇಳದೆ ನೆಟ್ಟವರು ಯಾರೆಂದು ಹೆಸರಿನಿಂದಲೇ ಪತ್ತೆಹಚ್ಚಿ ಬೋರ್ಡಕ್ಕನಿಗೆ ನೋಟಿಸ್ ಕೊಟ್ಟರು, ಆರೋಗ್ಯ ತಪಾಸಣೆಯ ಪೆಂಡಾಲಿಗೆಂದು ಆ ಜಾಗ ಮಟ್ಟ ಮಾಡಿ ಗುರುವಾರದೊಳಗೆ ಸಿಮೆಂಟ್ ಕಲ್ಲು ಹಾಸಲು ಆದೇಶಿಸಿದರು. ಜೇನು ನಡಿಗೆಯ ಕೈಪಿಡಿಗೆ ಒಪ್ಪಿಗೆ ಕೊಟ್ಟ ಕಚೇರಿಯೇ ಈ ಆದೇಶಕ್ಕೂ ಸಹಿ ಹಾಕಿದೆ. ಈ ಲೇಖನಕ್ಕಾಗಿ ಎರಡೂ ಕಾಗದ ನಾನು ನೋಡಿದ್ದೇನೆ.

ಮೇಷ್ಟ್ರನ್ನು ಕಂಡೆ. "ಅದು ಎಸ್ಟೇಟ್‌ನವರ ವ್ಯಾಪ್ತಿ, ನಾವು ತಲೆ ಹಾಕೋ ಹಾಗಿಲ್ಲ" ಎಂದು ಕೈ ತೊಳೆದುಕೊಂಡರು. ಹಾಗಾದರೆ ಭಾನುವಾರ ಜನರಿಗೆ ಏನು ತೋರಿಸುತ್ತೀರಿ? "ಸ್ಲೈಡ್ಸ್ ಇದಾವೆ" ಎಂದರು. ಎಸ್ಟೇಟ್ ಅಧಿಕಾರಿ ಇನ್ನೂ ಸರಳ. "ಹುಳಕ್ಕೆ ಬೇರೆ ಜಾಗ ಇಲ್ವೇನ್ರಿ?"

ನಾಚಿಕೆಯಾಗಬೇಕು. ಜೀವಂತ ಹುಳದ ಮೇಲೆ ಕಲ್ಲು ಹಾಸಿ, ಅದರ ಚಿತ್ರವನ್ನು ಪರದೆಯ ಮೇಲೆ ತೋರಿಸುವುದಕ್ಕೆ ನಿಸರ್ಗ ಸಪ್ತಾಹ ಎಂಬ ಹೆಸರು ಬೇರೆ ಕೇಡು. ಸಾಲದ್ದಕ್ಕೆ ಇನ್ನೊಂದು ಸುತ್ತೋಲೆ ಹೊರಟಿದೆ: ಅತಿಥಿಗಳು ಬರುವ ದಿನಗಳಲ್ಲಿ ಗುತ್ತಿಗೆ ಸಿಬ್ಬಂದಿ ಒಂಬತ್ತರ ನಂತರ ಹೊರಗೆ ಕಾಣಿಸಿಕೊಳ್ಳಬಾರದು. ನಡಿಗೆಯಲ್ಲಿ ತಾನೂ ಬರಬಹುದಾ ಎಂದು ಬೋರ್ಡಕ್ಕ ಕೇಳಿದ್ದರಂತೆ. "ಹಿಂದ್ಗಡೆ ನಿಂತ್ಕೋತೀನಿ, ಮಾತಾಡಲ್ಲ ಅಂದೆ. ಆಗಲ್ಲ ಅಂದ್ರು."

ಮಧ್ಯಾಹ್ನ ಎರಡಕ್ಕೆ ಕೆಲಸ ಬಿಟ್ಟ ಮೇಲೆ ಬೋರ್ಡಕ್ಕ ಈಗ ಮನೆಗೆ ಹೋಗುವುದಿಲ್ಲ. ಬಿಲಗಳಿಲ್ಲದ ಒಂದು ಮೂಲೆ ನೋಡಿ, ಚೀಲ ಹಾಸಿ ಕೂರುತ್ತಾರೆ. ಐದಾರು ಮಾರು ದೂರದಲ್ಲಿ ಸಿಮೆಂಟ್ ಕಲ್ಲುಗಳ ರಾಶಿ. ಮೇಸ್ತ್ರಿ ಬಂದು, "ಏಳಕ್ಕ, ನಮಗೂ ಮೇಲಿನೋರು ಬೈತಾರೆ" ಎನ್ನುತ್ತಾನೆ.

"ಊಟ ಮಾಡ್ತಿದೀನಿ ಕಣಪ್ಪ."

"ನಿನ್ನೆನೂ ಮೂರು ಗಂಟೆ ಹೊತ್ತು ಊಟ ಮಾಡಿದ್ಯಲ್ಲಕ್ಕ."

"ಹಲ್ಲಿಲ್ಲ ನೋಡು, ನಿಧಾನ ಆಗುತ್ತೆ." ಎಲ್ಲ ಹಲ್ಲೂ ಕಾಣುವಂತೆ ನಗುತ್ತಾರೆ. ಮೇಸ್ತ್ರಿಯೂ ನಕ್ಕು ಆಚೆ ತುದಿಯಿಂದ ಕೆಲಸ ಶುರು ಮಾಡುತ್ತಾನೆ. ಆ ತುದಿಯಿಂದ ಈ ಮಣ್ಣಿಗೆ ಇನ್ನು ನಾಲ್ಕು ಸಾಲು ಕಲ್ಲು ಬಾಕಿ.

ನೋಟಿಸಿಗೆ ಉತ್ತರ ಕೊಡಲು ನಾಳೆಯೇ ಕೊನೆ. ಹೊಲಿಗೆ ಅಂಗಡಿಯಲ್ಲಿ ದುಡಿಯುವ ಮಗಳು ಉತ್ತರ ಬರೆದುಕೊಟ್ಟಿದ್ದಾಳೆ. ತಪ್ಪಾಯಿತು ಎಂದು ಹೇಳಿ ಮುಗಿಸಮ್ಮ, ಇಲ್ಲದಿದ್ದರೆ ತಿಂಗಳ ಕೊನೆಗೆ ಮನೆಗೆ ಕಳಿಸಿದವರು ಮತ್ತೆ ಕರೆಯುವುದಿಲ್ಲ ಎಂದು ಅತ್ತಳಂತೆ. ಬೋರ್ಡಕ್ಕ ಸೆರಗಿನಿಂದ ಮಡಿಸಿದ ಹಾಳೆ ತೆಗೆದು ನನ್ನ ಕೈಗಿಡುತ್ತಾರೆ. ಎರಡೇ ಸಾಲು. ಕೇಳದೆ ಬೋರ್ಡು ಇಟ್ಟಿದ್ದು ತಪ್ಪು, ಕ್ಷಮಿಸಿ ಎಂದಿದೆ. ಮೂರನೆಯ ಸಾಲೊಂದನ್ನು ಬರೆದು, ಗೀಚಿ ಹೊಡೆದುಹಾಕಿದ್ದಾರೆ.

ಅದೇನೆಂದು ಕೇಳುತ್ತೇನೆ.

"ಅಲ್ಲಿ ಯಾವ ಕೆಲಸಾನೂ ನಡೀತಿರಲಿಲ್ಲ ಅಂತ ಬರೆದಿದ್ಲು ಮಗಳು. ನಾನೇ ಹೊಡೆಸಿಹಾಕಿದೆ. ಹೋದ್ರೆ ನನ್ನ ಕೆಲಸ ಹೋಗ್ಲಿ. ಈ ಬಾಣಂತಿಯರ ಕೆಲಸ ಕೆಲಸವೇ ಅಲ್ಲ ಅಂತ ಹೆಂಗೆ ಬರೆಸ್ಲಿ?"