ಕೆರೆ ಕಾಣದ ಡೇರೆ

ನಮ್ಮಪ್ಪ ಕಂದಾಯ ಇಲಾಖೆಯ ಶೇಕ್‌ದಾರಿಕೆಯಿಂದ ನಿವೃತ್ತರಾಗಿ ಮುಳಬಾಗಿಲಿನ ಮನೆಯ ಜಗುಲಿ ಹಿಡಿದು ಕೂತ ಮೇಲೆ ಅವರಿಗೆ ಕೆಲಸ ಉಳಿಯಲಿಲ್ಲ, ನಮಗೆ ನೆಮ್ಮದಿ ಉಳಿಯಲಿಲ್ಲ. ಬರುವಾಗ ಕಚೇರಿಯ ಹರಾಜಿನಲ್ಲಿ ಒಂದು ಹಳೇ ಡೇರೆ ಹಿಡಿದು ತಂದಿದ್ದರು. ಅಮಲ್ದಾರರಿಗೆ ಕಂಡ ಕಂಡ ಕೆರೆಯ ಪಕ್ಕ ಡೇರೆ ಹಾಕಿಸಿ, ತಾವು ಹೊರಗೆ ಬಿಸಿಲಲ್ಲಿ ಕೈಕಟ್ಟಿ ನಿಂತೇ ಸರ್ವೀಸು ಸವೆಸಿದ ಮನುಷ್ಯ. ಒಂದು ಸಲವಾದರೂ ಒಳಗೆ ಕಾಲು ಚಾಚಿ ಕೂರಬೇಕೆಂಬ ಆಸೆ ಇದ್ದೀತು. ಆಸೆಯೇನೂ ತಪ್ಪಲ್ಲ. ಅದನ್ನು ಆಸೆ ಅನ್ನದೆ ‘ಕುಟುಂಬದ ಆರೋಗ್ಯ’ ಅಂದರಲ್ಲ, ಅದಕ್ಕೆ ನನಗೆ ಮೈ ಉರಿಯುತ್ತಿತ್ತು.

ಈ ಬೆಂಕಿಗೆ ತುಪ್ಪ ಸುರಿದವನು ಚಿನ್ನದ ಗಣಿಯ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಚಿಕ್ಕಪ್ಪ. ಯುದ್ಧದ ಕಾಲ, ಸೀಮೆಎಣ್ಣೆಗೂ ಪರದಾಟ. ಇವನಿಗೆ ಮಾತ್ರ ಗಣಿಯ ಬಿಳಿ ದೊರೆಗಳ ಷೋಕಿಯದೇ ಧ್ಯಾನ.

“ಅಣ್ಣಯ್ಯ, ದೊರೆಗಳು ರಜಾ ಬಂದ್ರೆ ಹೆಂಡತಿ ಮಕ್ಕಳನ್ನ ಕರ್ಕೊಂಡು ಬೇತಮಂಗಲದ ಕೆರೆ ದಡಕ್ಕೆ ಹೋಗ್ತಾರೆ. ಡೇರೆ ಹಾಕ್ಕೊಂಡು ಎರಡು ದಿನ ಬರೀ ಗಾಳಿ ಕುಡೀತಾರೆ” ಅಂದ.

“ಗಾಳಿ ಒಂದೇ ಕುಡೀತಾರೇನೋ?” ಅಂದಳು ಒಳಗಿನಿಂದ ಅಜ್ಜಿ.

ಅಪ್ಪ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ತಾಯಲೂರಿನ ಕಡೆ ತಮಗೆ ಗೊತ್ತಿದ್ದ ಒಂದು ದೊಡ್ಡ ಕೆರೆಯನ್ನು ಗೊತ್ತು ಮಾಡಿದರು. ಏರಿಯ ಕೆಳಗೆ ಹುಣಸೆ ತೋಪು, ದಡದಲ್ಲಿ ಹುಲ್ಲು, ಕಣ್ಣಿಗೆ ಕಾಣುವಷ್ಟು ದೂರ ನೀರು. ಬರುವ ಶುಕ್ರವಾರ ಹೊರಡುವುದೆಂದು ಅಪ್ಪಣೆಯಾಯಿತು.

ಆ ಕೆರೆಯ ಹೆಸರು ಕೇಳಿದ ಕೂಡಲೇ ನನ್ನ ಅತ್ತಿಗೆಯ ಕೈಯಲ್ಲಿದ್ದ ಸೌಟು ಹಾಗೇ ನಿಂತುಬಿಟ್ಟಿತು. ಅತ್ತಿಗೆ ಅಂದರೆ ನನ್ನಣ್ಣನ ಹೆಂಡತಿ. ನಮ್ಮಮ್ಮ ತೀರಿಹೋಗಿದ್ದರಿಂದ ಇಡೀ ಮನೆ ಅವಳ ತಲೆಯ ಮೇಲೆ. ಅವಳ ತವರೂರು ಇದ್ದದ್ದು ಅದೇ ಕೆರೆಯ ಆಚೆ ದಡದಲ್ಲಿ. ಅಲ್ಲಿ ವಿಧವೆ ತಾಯಿ ಒಬ್ಬಳೇ. ಮದುವೆಯಾದಾಗಿನಿಂದ ಅತ್ತಿಗೆ ಆ ತಾಯಿಯ ಮುಖ ಕಂಡಿರಲಿಲ್ಲ. ಯಾಕೆ ಗೊತ್ತೇ? ಮದುವೆಯಲ್ಲಿ ಬೀಗರ ಊಟಕ್ಕೆ ಕೂತಾಗ ಅಪ್ಪನ ಎಲೆಗೆ ಎರಡನೇ ಸಲ ಹೋಳಿಗೆ ಬರಲಿಲ್ಲ. ಬಡಿಸುವವನು ಮುಂದಿನ ಎಲೆಗೆ ಹೋಗಿಬಿಟ್ಟನಂತೆ. ಅಷ್ಟೇ! ಅಪ್ಪ ಅಲ್ಲೇ ಎದ್ದು ಕೈ ತೊಳೆದು, “ಈ ಮನೆ ಹೊಸಿಲು ನಾವು ತುಳಿಯಲ್ಲ, ನಮ್ಮ ಮನೆ ಹೊಸಿಲು ಇವರು ತುಳಿಯೋದು ಬೇಡ” ಅಂದುಬಿಟ್ಟರು. ಒಂದು ಹೋಳಿಗೆಗೆ ತಾಯಿ ಮಗಳನ್ನು ಬೇರೆ ಮಾಡಿದ ಪುಣ್ಯಾತ್ಮ! ನನ್ನಣ್ಣ ಮದುಮಗನ ಪೇಟ ಸರಿಮಾಡಿಕೊಳ್ಳುತ್ತ ಸುಮ್ಮನೆ ನಿಂತಿದ್ದನಂತೆ. ಆಮೇಲೂ ಹಾಗೇ ನಿಂತಿದ್ದ.

“ಕೆರೆ ದಡಕ್ಕೆ ಹೊಸಿಲಿಲ್ಲ ಅಲ್ವೇನೇ?” ಅಂದಳು ಅತ್ತಿಗೆ ಆ ಸಂಜೆ, ನನ್ನ ಜಡೆ ಹಾಕುತ್ತ. “ಅಮ್ಮ ಏರಿ ಮೇಲೆ ನಡ್ಕೊಂಡು ಬರಬಹುದು. ಯಾರ ಮಾತೂ ಮುರಿದ ಹಾಗಾಗಲ್ಲ.”

ನಮ್ಮ ಸೀಮೆಯಲ್ಲಿ ಹೆಣ್ಣುಮಕ್ಕಳಿಗೆ ತವರಿನ ಸುದ್ದಿ ತರುವುದೂ ಒಯ್ಯುವುದೂ ಬಳೆ ಸಾಬರೇ. ನಮ್ಮ ಬೀದಿಗೆ ಬರುತ್ತಿದ್ದ ಮುದುಕ ಸಾಬರ ಮುಂದೆ ಕೈ ಚಾಚಿ ಬಳೆ ಇಡಿಸಿಕೊಳ್ಳುತ್ತ, ಶುಕ್ರವಾರ ಡೇರೆ ಹಾಕುವ ಸಂಗತಿಯನ್ನು ಅತ್ತಿಗೆ ತಾಯಿಗೆ ಹೇಳಿ ಕಳಿಸಿದಳು. ಆಮೇಲೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಚಕ್ಕುಲಿ ಕರಿದಳು, ಅವಲಕ್ಕಿ ಹುರಿದಳು. ಅಷ್ಟು ನಗುವುದನ್ನು ನಾನು ಅದಕ್ಕೆ ಮುಂಚೆ ಕಂಡೇ ಇರಲಿಲ್ಲ.

ಗಂಡಸರ ಸಿದ್ಧತೆಯನ್ನಂತೂ ಕೇಳಲೇಬೇಡಿ. ಗಾಳಿ ಕುಡಿಯಲು ಹೊರಟವರು ಒರಳುಕಲ್ಲು ಬೇಕೆಂದರು. ಹಂಡೆ, ಗಡಿಗೆ, ದೇವರ ಪೆಟ್ಟಿಗೆ, ಚಿಕ್ಕಪ್ಪನಿಗೆ ಒರಗಲು ದಿಂಬು, ಅಪ್ಪನಿಗೆ ಮಡಚುವ ಕುರ್ಚಿ. ಅಜ್ಜಿಯೋ ಮಡಿ ಹೆಂಗಸು. ಕಚೇರಿಯ ಜವಾನರೆಲ್ಲ ಮುಟ್ಟಿದ ಬಟ್ಟೆಯ ಕೆಳಗೆ ತಾನು ನೀರೂ ಮುಟ್ಟುವುದಿಲ್ಲವೆಂದು ಹಟ ಹಿಡಿದಳು. ಸರಿ, ಡೇರೆಯನ್ನು ಬಾವಿಕಟ್ಟೆಗೆ ಎಳೆದು, ಸಗಣಿ ನೀರಿನಲ್ಲಿ ಅದ್ದಿ, ತುಳಿದು, ಮೇಲೆ ಗಂಜಲ ಚಿಮುಕಿಸಿ ಶುದ್ಧ ಮಾಡಿದರು. ನೀರು ಕುಡಿದ ಕ್ಯಾನ್ವಾಸು ಸತ್ತ ಎಮ್ಮೆಯ ಹಾಗೆ ಅಂಗಳದಲ್ಲಿ ಬಿದ್ದುಕೊಂಡಿತು. ಎತ್ತಲು ಹೋದ ಚಿಕ್ಕಪ್ಪ ಸೊಂಟ ಹಿಡಿದುಕೊಂಡು ಕೂತ. ಡೇರೆ ಒಣಗಿತು, ನಾತ ಹೋಗಲಿಲ್ಲ. ಅದೇ ಮಡಿಯ ಲಕ್ಷಣವೆಂದು ಅಜ್ಜಿಗೆ ಪರಮ ಸಮಾಧಾನ.

ಗುರುವಾರ ಸಂಜೆ ಪುರೋಹಿತರು ಜಗುಲಿಗೆ ಬಂದು, ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು: “ಬೀಗರೂರಿನ ಕೆರೆಗೆ ಹೊರಟಿದ್ದೀರಂತೆ. ಬಂದು ಕರೆದ್ರೋ?”

ಅಪ್ಪನ ಮುಖ ಇಳಿದುಹೋಯಿತು. ಅವರು ಈವರೆಗೆ ಅದನ್ನು ಕೆರೆ ಎಂದೇ ನೋಡಿದ್ದರು. ಈಗ ಅದು ಬೀಗರ ಬಾಗಿಲಾಯಿತು. ಬೀಗರು ಹಣ್ಣು ತಾಂಬೂಲ ಹಿಡಿದು ಕರೆಯಲು ಬರದಿದ್ದರೆ ತಾವೇ ಮೇಲೆಬಿದ್ದು ಹೋದ ಹಾಗೆ. ಬಂದರೆ ಮಾತಾಡಿಸಲೇಬೇಕು, ಮಾತಾಡಿಸಿದರೆ ಹೋಳಿಗೆಯ ಸಿಟ್ಟು ನೀರುಪಾಲು. ರಾತ್ರಿ ಊಟಕ್ಕೆ ಮುಂಚೆಯೇ ಅಣ್ಣನನ್ನು ಕರೆದು ತಮ್ಮ ತೀರ್ಮಾನ ಹೇಳಿದರು. ಅಣ್ಣ ತಲೆಯಾಡಿಸಿದ. ಹೆಂಡತಿಗೆ ಒಂದು ಮಾತು ಹೇಳಲು ಆ ವೀರನಿಗೆ ನಾಲಿಗೆ ಬರಲಿಲ್ಲ.

ಬೆಳಿಗ್ಗೆ ಎರಡು ಬಂಡಿ ಹೊರಟವು. ಅತ್ತಿಗೆ ತಲೆತುಂಬ ಕನಕಾಂಬರ ಮುಡಿದು ನನ್ನ ಪಕ್ಕದಲ್ಲಿ ಕೂತಿದ್ದಳು. ತಾಯಲೂರಿನ ದಾರಿ ಒಡೆಯುವಲ್ಲಿ ಅಪ್ಪನ ಬಂಡಿ ಇನ್ನೊಂದು ಕಡೆ ತಿರುಗಿತು, ನಮ್ಮದೂ ಅದರ ಹಿಂದೆ ತಿರುಗಿತು.

“ಏನಪ್ಪಾ, ದಾರಿ ತಪ್ಪಿದ್ಯಲ್ಲ!” ಎಂದು ಬಂಡಿಯವನನ್ನು ಕೂಗಿದಳು ಅತ್ತಿಗೆ.

“ಲೇದಮ್ಮಾ, ತಪ್ಪಿಲ್ಲ, ಅಯ್ಯನೋರೇ ಹೇಳಿದ್ದು. ನಿಮ್ಮ ಮಾವಿನ ತೋಪಿಗೆ” ಅಂದ ನಮ್ಮ ಬಂಡಿಯವನು.

ಅತ್ತಿಗೆ ಹಿಂದಕ್ಕೆ ತಿರುಗಿ ಆ ದಾರಿಯನ್ನು ನೋಡುತ್ತಲೇ ಕೂತಳು. ಕೆಳಗಿಳಿದು ನಡೆಯುತ್ತಿದ್ದ ಅಣ್ಣನನ್ನು ಕರೆದು ಏನೋ ಕೇಳಿದಳು. “ಅಪ್ಪ ಹೇಳಿದ ಮೇಲೆ ನಾನೇನು ಮಾಡ್ಲೇ?” ಅಂದ ಅವನು. ಥೂ!

ನಮ್ಮ ತೋಪಿನಲ್ಲಿ ಕೆರೆ ಎಲ್ಲಿಂದ ಬರಬೇಕು? ಎಮ್ಮೆಗಳು ಹೊರಳುವ ಕೆಸರು ನೀರಿನ ಒಂದು ಕುಂಟೆ ಇತ್ತು. ಅದರ ದಡದಲ್ಲಿ ಡೇರೆ ಎದ್ದಿತು. ಅಪ್ಪ ಕುರ್ಚಿ ಹಾಕಿಸಿಕೊಂಡು, “ಆಹಾ, ಏನು ಗಾಳಿ!” ಅಂದರು. ಬೀಸುತ್ತಿದ್ದದ್ದು ಡೇರೆಯ ಸಗಣಿ ನಾತ. ಚಿಕ್ಕಪ್ಪ ಇಸ್ಪೀಟು ಕಲಸಿದ, ಅಣ್ಣ ಎಲೆ ಎತ್ತಿಕೊಂಡ. ಅತ್ತಿಗೆ ಮೂರು ಕಲ್ಲಿನ ಒಲೆ ಊದುತ್ತ ಹೊತ್ತುಹೊತ್ತಿಗೂ ಬೇಯಿಸಿ ಹಾಕಿದಳು. ಕಣ್ಣು ಕೆಂಪಗಿತ್ತು. ಹೊಗೆಯಿಂದ ಎಂದು ಅಣ್ಣ ತಾನೇ ಹೇಳಿಕೊಂಡು ಸಮಾಧಾನ ಪಟ್ಟುಕೊಂಡ.

ಶನಿವಾರ ಮಧ್ಯಾಹ್ನ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಬಳೆ ಸಾಬರು ಬೆನ್ನಿಗೆ ಬಳೆಯ ಮಲಾರ ಹೊತ್ತು ತೋಪಿನ ಅಂಚಿನಲ್ಲಿ ಹಾದುಹೋಗುತ್ತಿದ್ದವರು, ನಮ್ಮನ್ನು ಕಂಡು ಬೆರಗಾಗಿ ನಿಂತರು.

“ಅರೆ, ಇಲ್ಲಿದ್ದೀರೇನಮ್ಮಾ! ನಿಮ್ಮ ತಾಯಿ ಅಲ್ಲಿ ಏರಿ ಮೇಲೆ ಕೂತವ್ರಲ್ಲ! ನಿನ್ನೆ ಬೆಳಿಗ್ಗೇನೇ ಬಂದು ಕೂತ್ರಂತೆ. ಕತ್ತಲಾದ್ಮೇಲೆ ಯಾರೋ ಎಬ್ಬಿಸ್ಕೊಂಡು ಹೋದ್ರಂತೆ. ಇವತ್ತೂ ಬಂದವ್ರೆ. ಬರೋ ಬಂಡಿಗೆಲ್ಲ ಎದ್ದೆದ್ದು ನೋಡ್ತಾ ಇದ್ರು. ‘ದಾರೀಲಿ ಚಕ್ರ ಮುರಿದಿರಬೇಕು, ಬರ್ತಾರೆ’ ಅಂತ ನನಗೇ ಸಮಾಧಾನ ಹೇಳಿದ್ರು.”

ಅಪ್ಪ ಕುರ್ಚಿಯಿಂದ ಮುಂದಕ್ಕೆ ಬಾಗಿದರು.

“ಅವರಿಗೆ ಬಾ ಅಂತ ಹೇಳಿ ಕಳಿಸಿದ್ದು ಯಾರು?”

“ನಾನೇ ಮಾವ.”

“ಯಾರನ್ನ ಕೇಳಿ?”

“ನಮ್ಮಮ್ಮನ್ನ ನೋಡೋಕೆ ಯಾರನ್ನ ಕೇಳ್ಬೇಕು ಮಾವ?” ಅಂದಳು ಅತ್ತಿಗೆ. ದನಿ ಏರಿರಲಿಲ್ಲ. ಮಾವನ ಎದುರು ತಲೆ ಎತ್ತಿ ಆಡಿದ ಮೊದಲ ಮಾತು ಅದು. ನನಗೆ ಒಳಗೊಳಗೇ ಕುಣಿಯುವಷ್ಟು ಸಂತೋಷವಾಗಿತ್ತು.

ಸೆರಗಿಗೆ ಕೈ ಒರೆಸಿಕೊಂಡು ಅವಳು ಬಂಡಿಯವನ ಹತ್ತಿರ ಹೋದಳು. “ಎತ್ತು ಕಟ್ಟಪ್ಪ, ಕೆರೆ ಹತ್ರ ಹೋಗ್ಬೇಕು” ಅಂದಳು. ಅವನು ಅಪ್ಪನ ಮುಖ ನೋಡಿದ, ಅವಳ ಮುಖ ನೋಡಿದ, ಆಮೇಲೆ ಎತ್ತು ಕಟ್ಟಿದ. ಅಣ್ಣ ಇಸ್ಪೀಟಿನ ಎಲೆಗಳನ್ನು ಕೈಯಲ್ಲೇ ಹಿಡಿದು ಎರಡು ಹೆಜ್ಜೆ ಬಂದು, “ಲೇ, ಅಪ್ಪ ಏನಂದ್ಕೋತಾರೆ ಕಣೇ” ಅಂದ. ಅವಳು ಅವನ ಕಡೆ ತಿರುಗಲೂ ಇಲ್ಲ.

“ಈಗ ಹೋದ್ರೆ ವಾಪಸ್ ಬರೋದು ಬೇಡ!” ಎಂದು ಅಪ್ಪ ಅರಚಿದರು.

ಬಂಡಿ ಹತ್ತಿ ಕೂತಿದ್ದ ಅತ್ತಿಗೆ ಒಲೆಯ ಕಡೆ ಕೈ ತೋರಿಸಿದಳು. “ಸಾರು ಉಕ್ಕುತ್ತೆ ಮಾವ. ಇಳಿಸ್ಕೊಳ್ಳಿ.”

ಬಂಡಿ ತೋಪು ದಾಟಿ ತಾಯಲೂರಿನ ದಾರಿ ಹಿಡಿಯಿತು. ಸಾರನ್ನು ನಾನು ಇಳಿಸಬಹುದಾಗಿತ್ತು, ಬೇಕೆಂದೇ ಇಳಿಸಲಿಲ್ಲ. ಅದು ಉಕ್ಕಿ ಒಲೆ ಆರಿತು. ಆ ಮೂವರು ಗಂಡಸರಲ್ಲಿ ಒಬ್ಬರೂ ಒಲೆಯ ಹತ್ತಿರ ಬರಲಿಲ್ಲ.