ಕೊರಿಯಾ ಸೀರಿಯಲ್ ನೋಡಿ ರಾಯದುರ್ಗಕ್ಕೆ ಹೋದದ್ದು

ಕೊರಿಯಾದವರು ಅಳುವುದನ್ನು ನೋಡಿ ನೋಡಿಯೇ ನಾನು ಕೆಟ್ಟೆ, ಸುಳ್ಳು ಯಾಕೆ ಹೇಳಲಿ. ಮಡಕಶಿರಾ ಹತ್ತಿರದ ನಮ್ಮೂರಿನಲ್ಲಿ ರೇಷ್ಮೆಹುಳುಗಳಿಗೆ ಮಧ್ಯಾಹ್ನದ ಸೊಪ್ಪು ಹಾಕಿ ಬಂದ ಮೇಲೆ ನಾನೂ ನಮ್ಮವ್ವನೂ ಫೋನನ್ನು ಚೊಂಬಿಗೆ ಒರಗಿಸಿ ಒಂದು ಸೀರಿಯಲ್ ನೋಡುತ್ತಿದ್ದೆವು. ಮುಖ ಕೊರಿಯಾದ್ದು, ಮಾತು ತೆಲುಗಿನದು. ಹತ್ತು ವರ್ಷದ ಹಿಂದೆ ಜಗಳವಾಡಿ ದೂರವಾದ ಹುಡುಗ ಹುಡುಗಿ ಒಂದೇ ಆಫೀಸಿನಲ್ಲಿ ಮತ್ತೆ ಎದುರಾಗುತ್ತಾರೆ. ಒಬ್ಬರ ಮೇಲೊಬ್ಬರಿಗೆ ಪ್ರಾಣ, ಆದರೆ ಇಬ್ಬರೂ ಬಾಯಿ ಬಿಡುವುದಿಲ್ಲ.

"ಬಾಯಾಗೇನ್ ಕಡುಬು ಇಟ್ಕೊಂಡವ್ನ, ಏಳ್ಬಿಡಬಾರ್ದ" ಎಂದು ಅವ್ವ ಫೋನಿಗೇ ಬೈಯುತ್ತಿದ್ದಳು. ನಾನು ಬೈಯುತ್ತಿರಲಿಲ್ಲ. ನನ್ನದೂ ಅದೇ ಕಥೆ.

ಹುಡುಗಿಯಾಗಿದ್ದಾಗ ರಾಯದುರ್ಗದ ಚಿಕ್ಕಮ್ಮನ ಮನೆಯಲ್ಲಿದ್ದು ಜೀನ್ಸ್ ಹೊಲಿಯುವ ಶೆಡ್ಡಿಗೆ ಹೋಗುತ್ತಿದ್ದೆ. ಪಕ್ಕದ ಮಿಷಿನ್ನಿನಲ್ಲಿ ಅವನು ಜೇಬು ಹೊಲಿಯುತ್ತಿದ್ದ. ಇಬ್ಬರೂ ಮೆಚ್ಚಿಕೊಂಡೆವು, ಎರಡೂ ಕಡೆಯವರ ಕೈಲಿ ಬೈಸಿಕೊಂಡು ಮದುವೆಯಾದೆವು. ಐದು ವರ್ಷ ಬಾಳಿದೆವು. ಕೊನೆಯ ಜಗಳ ಎದ್ದದ್ದು ಒಂದು ಮಿಕ್ಸಿಯಿಂದ. ನಾನು ಆಸೆಪಟ್ಟು ತಂದ ಮಿಕ್ಸಿಯನ್ನು ನನ್ನನ್ನೊಂದು ಮಾತು ಕೇಳದೆ ಅವನ ಅಕ್ಕನಿಗೆ ಕೊಟ್ಟುಬಿಟ್ಟಿದ್ದ. ಮಿಕ್ಸಿ ಹೋಗಲಿ, ನನ್ನನ್ನು ಕೇಳಬೇಕಿತ್ತೋ ಬೇಡವೋ? ಬಟ್ಟೆ ಗಂಟು ಕಟ್ಟಿಕೊಂಡು ತವರಿಗೆ ಬಂದೆ. ಅವನು ಕರೆಯಲು ಬರಲಿಲ್ಲ. ನಾನು ಹೋಗಲಿಲ್ಲ.

ನಮ್ಮ ಜನರಲ್ಲಿ ಗಂಡಹೆಂಡಿರನ್ನು ಬಿಡಿಸಬೇಕಾದರೆ ಹಿರಿಯರು ಕೂತು ಒಂದು ಒಣಕಡ್ಡಿ ಕೊಡುತ್ತಾರೆ. ಒಂದು ತುದಿ ಅವನ ಕೈಗೆ, ಇನ್ನೊಂದು ಇವಳ ಕೈಗೆ. ಇಬ್ಬರೂ ಸೇರಿ ಅದನ್ನು ಮುರಿದರೆ ಋಣ ಹರಿಯಿತು ಎಂದು ಲೆಕ್ಕ. ನಮ್ಮಿಬ್ಬರನ್ನು ಹಾಗೆ ಕೂರಿಸಿದ ದಿನ ಒಬ್ಬ ಅಜ್ಜ, "ಒಂದ್ ಚೊಂಬು ನೀರು ಕುಡೀರಿ, ಆಮ್ಯಾಕೆ ನೋಡಾನ" ಎಂದ. ನನಗೆ ನೀರು ಕುಡಿಯುವಷ್ಟು ತಾಳ್ಮೆ ಎಲ್ಲಿತ್ತು? ಲಟಕ್ಕೆಂದು ಮುರಿದುಬಿಟ್ಟೆ. ಅವನ ಕೈ ಅಲುಗಿರಲೇ ಇಲ್ಲ. ತನ್ನ ಕೈಯಲ್ಲಿ ಉಳಿದ ತುಂಡನ್ನೇ ನೋಡುತ್ತ ನಿಂತಿದ್ದ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎನ್ನುತ್ತಾರೆ. ನಾಲ್ಕು ವರ್ಷ ಆ ಗಾದೆಯನ್ನು ನನಗೆ ನಾನೇ ಹೇಳಿಕೊಂಡಿದ್ದೇನೆ. ಅವನೊಮ್ಮೆ ಬಾ ಎಂದರೆ ಸಾಕು, ಹೋಗಿಬಿಡುತ್ತೇನೆ ಎಂದು ಹುಳುಗಳ ಮುಂದೆ ಮಾತ್ರ ಒಪ್ಪಿಕೊಂಡಿದ್ದೇನೆ.

ಸೀರಿಯಲ್‌ನಲ್ಲಿ ಆ ಹುಡುಗ ಫೋನ್ ಮಾಡಿ "ನಿನ್ನ ಹತ್ತಿರ ಮಾತಾಡಬೇಕು" ಎಂದ ಮಾರನೆಯ ದಿನವೇ ನನಗೆ ಫೋನ್ ಬಂತು. ನಾಲ್ಕು ವರ್ಷದ ಮೇಲೆ, ಅದೇ ದನಿ.

"ಒಂದ್ಸಲ ರಾಯದುರ್ಗಕ್ಕ ಬರ್ತೀಯೇನು? ಫೋನಿನ್ಯಾಗ ಹೇಳಾಕ ಬರಂಗಿಲ್ಲ. ನಮ್ಮ ವಾರ್ಡಿನ ಸಚಿವಾಲಯದ ಮುಂದ ಇರ್ತೀನಿ. ಆಧಾರ್ ಕಾರ್ಡ್ ತಗೊಂಡ್ ಬಾ."

ಆಧಾರ್ ಯಾಕೆ ಎಂದು ಒಂದು ಗಳಿಗೆಯಾದರೂ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಬಾ ಎಂದನಲ್ಲ, ನನ್ನ ಕಿವಿಗೆ ಅಷ್ಟೇ ಬಿದ್ದದ್ದು.

ಅವ್ವ ಮಾತ್ರ ಸೊಪ್ಪಿನ ಬುಟ್ಟಿ ಕೆಳಗಿಟ್ಟು, "ಓಗ್ಬ್ಯಾಡ ಕಣವ್ವ. ಮುಗ್ದೋದ್ದು ಮುಗ್ದೋಯ್ತು" ಎಂದಳು. ಕೊರಿಯಾದವರು ಕೂಡಲಿ ಎಂದು ದೇವರಿಗೆ ಕೈಮುಗಿಯುವ ಮುದುಕಿಗೆ ಹೆತ್ತ ಮಗಳು ಕೂಡುವುದು ಬೇಡವೇ ಎಂದು ನನಗೆ ರೇಗಿತು. ಅವನಿಗೆ ಇಷ್ಟವಾಗಿದ್ದ ಹಸಿರು ಸೀರೆ ಉಟ್ಟು ಹೊರಟೆ. ಪಾವಗಡದಲ್ಲೊಮ್ಮೆ, ಕಲ್ಯಾಣದುರ್ಗದಲ್ಲೊಮ್ಮೆ ಬಸ್ಸು ಬದಲಿಸಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮೊದಲ ಎರಡು ಸಲ ಕರೆದಾಗ ಆಗುವುದಿಲ್ಲ ಎನ್ನಬೇಕು, ಮೂರನೆಯ ಸಲಕ್ಕೆ ಒಪ್ಪಬೇಕು. ಮಿಕ್ಸಿಯ ವಿಷಯ ಎತ್ತಲೇಬಾರದು.

ಸರ್ಕಾರಿ ಕಾಗದಪತ್ರದ ಕೆಲಸ ಮಾಡಿಕೊಡುವ ಆ ವಾರ್ಡು ಕಚೇರಿಯ ಮುಂದೆ, ಅವನು ಹೇಳಿದಲ್ಲೇ ನಿಂತಿದ್ದ. "ಬಂದ್ಯಾ? ಉಂಡೀಯೇನು?" ಎಂದ. ನಾನು ಬಾಯಿ ತೆರೆಯುವುದರೊಳಗೆ ಒಳಗಿನಿಂದ ಒಬ್ಬ ಹೆಂಗಸು, ಸೊಂಟದಲ್ಲಿ ವರ್ಷದ ಕೂಸನ್ನು ಎತ್ತಿಕೊಂಡು, ಹೊರಗೆ ಬಂದಳು.

"ಅಕ್ಕಾ, ಬರ್ರಿ, ಒಳಗ ಕುಂದರ್ರಿ. ಬಿಸಿಲಾಗ ಯಾಕ ನಿಂತೀರಿ?"

ಕೂಸಿಗೆ ಅವನದೇ ಹುಬ್ಬು. ಯಾರೂ ಹೇಳಬೇಕಾಗಿರಲಿಲ್ಲ. ನನ್ನ ಕೈಲಿದ್ದ ಆಧಾರ್ ಕಾರ್ಡು ಕೆಳಗೆ ಬಿತ್ತು. ಅದನ್ನು ಅವಳೇ ಬಗ್ಗಿ ಎತ್ತಿಕೊಟ್ಟಳು. ಮದುವೆಯಾಗಿ ಎರಡು ವರ್ಷವಾಗಿದೆ ಎಂದಳು. ಇದೇ ಊರಿನಲ್ಲಿರುವ ಚಿಕ್ಕಮ್ಮನಿಗೆ ಗೊತ್ತಿರಲೇಬೇಕು. ಅಂದಮೇಲೆ ಅವ್ವನಿಗೂ ಗೊತ್ತು. ಹೋಗಬೇಡ ಎಂದದ್ದು ಅದಕ್ಕೇ ಎಂದು ಆಗ ಹೊಳೆಯಿತು. ದಿನಾ ನನ್ನ ಪಕ್ಕದಲ್ಲೇ ಕೂತು ಸೀರಿಯಲ್ ನೋಡುತ್ತಿದ್ದಳಲ್ಲ.

ಒಳಗೆ ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿ ನನಗೆ ವಿಷಯ ಬಿಡಿಸಿ ಹೇಳಿದಳು. "ರೇಷನ್ ಕಾರ್ಡಿನ್ಯಾಗ ಇವ್ರ ಹೆಂಡ್ತಿ ಅಂತ ನೀವೇ ಅದೀರ್ರಿ. ನೀವು ನಿಮ್ಮ ತಾಯಿ ಕಾರ್ಡಿಗೆ ಹೋದ್ರ ಈಕಿ ಹೆಸರು, ಕೂಸಿನ ಹೆಸರು ಸೇರಸ್ತೀವಿ. ಅದಕ್ಕ ನಿಮ್ಮ ಹೆಬ್ಬೆಟ್ಟು ಬೇಕ್ರಿ."

"ನಾವು ಹಿರೇರ ಮುಂದ ಕಡ್ಡಿ ಮುರಿದೀವ್ರಿ" ಎಂದ ಅವನು.

"ಕಡ್ಡಿ ಕಂಪ್ಯೂಟರಿಗೆ ಗೊತ್ತಾಗಂಗಿಲ್ರಿ."

ಹಾಗಾದರೆ ನಾಲ್ಕು ವರ್ಷದಿಂದ ನಾನು ಅವನ ಹೆಂಡತಿಯೇ. ಕಡ್ಡಿ ಮುರಿದರೆ ಮುಗಿಯಿತೆಂದು ನಂಬಿದ್ದ ನಮ್ಮ ಹಿರಿಯರು, ನಾವು, ಎಲ್ಲರೂ ದಡ್ಡರು. ಆ ಗಳಿಗೆಯಲ್ಲಿ ಒಂದು ಕೆಟ್ಟ ಖುಷಿಯೂ ಆಯಿತು. ಒತ್ತುವುದಿಲ್ಲ ಎಂದು ಎದ್ದು ಹೋದರೆ? ಕೋರ್ಟು ಕಚೇರಿ ಎಂದು ಅಲೆಯಲಿ. ಅವನು ನನ್ನ ಮುಖ ನೋಡಿಯೇ ಅದನ್ನು ಓದಿಕೊಂಡ. "ನೀ ಬ್ಯಾಡ ಅಂದ್ರ ನಾ ಏನೂ ಮಾಡಾಕ ಬರಂಗಿಲ್ಲ" ಎಂದು ತಲೆತಗ್ಗಿಸಿ ಹೊರಗೆ ಹೋದ.

ಅಷ್ಟರಲ್ಲಿ ಸರ್ವರ್ ಹೋಯಿತು. ಬರುವ ತನಕ ಕಾಯಿರಿ ಎಂದರು. ಬೆಂಚಿನ ಮೇಲೆ ನಾನು, ಅವಳು, ನಡುವೆ ನಿದ್ದೆ ಹೋದ ಕೂಸು. ಸ್ವಲ್ಪ ಹೊತ್ತಿಗೆ ಅವಳು ಫೋನ್ ತೆಗೆದು ದನಿ ಸಣ್ಣಗೆ ಮಾಡಿ ಏನೋ ನೋಡತೊಡಗಿದಳು. ತೆಲುಗಿನ ಮಾತು ಕೇಳಿಯೇ ಗೊತ್ತಾಯಿತು, ಅದೇ ಸೀರಿಯಲ್.

"ನೀವೂ ನೋಡ್ತೀರೇನ್ರಿ ಅಕ್ಕ? ಕಡೀಕ ಅವ್ರಿಬ್ರೂ ಕೂಡ್ತಾರೇನ್ರಿ?"

"ಇನ್ನೂ ಮುಗಿದಿಲ್ಲ" ಎಂದೆ.

"ಕೂಡಬಾರ್ದ್ರಿ." ಅವಳು ಫೋನಿನಿಂದ ಕಣ್ಣು ಎತ್ತಲಿಲ್ಲ. "ಅವಗ ನಿಶ್ಚಯ ಆದ ಹುಡುಗಿ ಅದಾಳಲ್ರಿ, ಆಕಿ ಏನ್ ತಪ್ಪು ಮಾಡ್ಯಾಳ? ದಿನಾ ಊಟ ಕಟ್ಟಿಕೊಂಡ್ ಹೋಗ್ತಾಳ. ಅವ ಹಳೇದ ನೆನಸ್ಕೊಂಡ್ ಕುಂತಿರ್ತಾನ. ಆಕಿನ್ನ ನೋಡಿದ್ರ ನನಗ ಪಾಪ ಅನಸ್ತೈತ್ರಿ."

ಆ ಹುಡುಗಿಯನ್ನು ನಾನೂ ಅವ್ವನೂ ಶನಿ ಎಂದು ಕರೆಯುತ್ತಿದ್ದೆವು. ಅವಳು ಬಂದರೆ ಸಾಕು, ಬೆರಳಿನಿಂದ ಮುಂದೆ ಓಡಿಸಿಬಿಡುತ್ತಿದ್ದೆವು. ಅವಳ ಒಂದು ಮಾತನ್ನೂ ನಾನು ಪೂರ್ತಿ ಕೇಳಿಸಿಕೊಂಡವಳಲ್ಲ. ಬೆಂಚಿನ ಮೇಲೆ ಕೂತಿದ್ದವಳ ಮುಖವನ್ನು ಆಗ ಮೊದಲ ಸಲ ಸರಿಯಾಗಿ ನೋಡಿದೆ. ನನಗಿಂತ ಚಿಕ್ಕವಳು. ನಾನು ಏನು ಉಟ್ಟು ಬಂದಿದ್ದೇನೆ, ಯಾಕೆ ಉಟ್ಟು ಬಂದಿದ್ದೇನೆ ಎಂಬುದು ಅವಳಿಗೆ ಗೊತ್ತಾಗಿತ್ತು. ಸೀರೆಯ ನೆರಿಗೆಯನ್ನು ಬೆಂಚಿನ ಕೆಳಗೆ ಸರಿಸಿಕೊಂಡೆ.

ಸರ್ವರ್ ಬಂತು. ಬೆರಳಚ್ಚಿನ ಮಿಷಿನ್ನಿನ ಮೇಲೆ ಹೆಬ್ಬೆಟ್ಟು ಒತ್ತಿದೆ. ಕೆಂಪು ದೀಪ. ಇನ್ನೊಮ್ಮೆ ಒತ್ತಿದೆ, ಮತ್ತೆ ಕೆಂಪು. ಸೊಪ್ಪು ಕಿತ್ತು ಕಿತ್ತು, ಹುಳುಗಳಿಗೆ ಸುಣ್ಣದ ಪುಡಿ ಎರಚಿ ಎರಚಿ ನನ್ನ ಹೆಬ್ಬೆರಳಿನ ಗೆರೆಗಳು ಅಳಿಸಿಹೋಗಿದ್ದವು. ಮೂರನೆಯ ಸಲವೂ ಹಿಡಿಯಲಿಲ್ಲ. ಬೇಕೆಂದೇ ಮಾಡುತ್ತಿದ್ದಾಳೆ ಎನ್ನುವ ಹಾಗೆ ಬಾಗಿಲಿನಿಂದ ಅವನು ನೋಡಿದ. "ಇವತ್ತು ಆಗದಿದ್ರ ಇನ್ನೊಂದಿನ ಬರ್ರಿ" ಎಂದಳು ಕಂಪ್ಯೂಟರಿನ ಹುಡುಗಿ.

ಕೂಸನ್ನು ಎತ್ತಿಕೊಂಡು ಅವಳು ಎದ್ದು ಬಂದಳು. ನನ್ನ ಕೈ ಹಿಡಿದು, ಗೆರೆ ಮೂಡಲೆಂದು ಹೆಬ್ಬೆರಳನ್ನು ಕೂಸಿನ ಎಣ್ಣೆ ಹಚ್ಚಿದ ನೆತ್ತಿಯ ಮೇಲೆ ಎರಡು ಸಲ ಉಜ್ಜಿದಳು. ತನ್ನ ಸೆರಗಿನಿಂದ ಒರೆಸಿದಳು. ಆಮೇಲೆ ಮಿಷಿನ್ನಿನ ಮೇಲೆ ಇಟ್ಟಳು. ಕೂಸಿನ ನೆತ್ತಿ ಬೆಚ್ಚಗಿತ್ತು. ಅವಳ ಕೈ ನನ್ನ ಬೆರಳಿನ ಮೇಲೇ ಇತ್ತು. ಆದರೆ ಅವಳು ಒತ್ತಲಿಲ್ಲ.

ನಾನೇ ಒತ್ತಿದೆ.