ಮರವಂತೆಯ ಮರಳಿನಲ್ಲಿ ನೆಟ್ಟಗಿನ ದಾರಿ

ಹಳೇ ಟಿಪ್ಪರ್ ಕೊಳ್ಳುವವರು ಬಣ್ಣ, ಟಯರು ನೋಡಿ ಮರುಳಾಗಬೇಡಿ. ಮೊದಲು ಹಿಂದಿನ ಎರಡೂ ಬದಿಯ ಚಕ್ರಗಳನ್ನು ಒಟ್ಟಿಗೆ ಬಿಗಿಯುವ ಡಿಫರೆನ್ಶಿಯಲ್ ಲಾಕಿನ ಸ್ವಿಚ್ಚು ಒತ್ತಿ ನೋಡಿ. ವಂಡ್ಸೆಯಲ್ಲಿ ನನ್ನ ಗಾಡಿಯ ವ್ಯಾಪಾರ ಕುದುರಿಸುವಾಗ ಅದನ್ನು ಸಡಿಲ ಮಣ್ಣಿಗಿಳಿಸಿ, ಲಾಕು ಬಿದ್ದದ್ದನ್ನು ಕಣ್ಣಾರೆ ಕಂಡ ಮೇಲೆಯೇ ನಾನು ಹೂಂ ಅಂದದ್ದು. ಮಾರುವವನು ನಕ್ಕಿದ್ದ. ಆ ಹಠ ಕೈಹಿಡಿದದ್ದು ಕಳೆದ ಮಳೆಗಾಲದ ಶುರುವಿನಲ್ಲಿ, ಮರವಂತೆಯ ಕಡಲ ಬದಿಯಲ್ಲಿ.

ಕಡಲು ಕೊರೆಯುತ್ತಿದ್ದ ದಂಡೆಗೆ ಬಂಡೆಕಲ್ಲು ಹಾಕುವ ಕೆಲಸ. ನಾನು ಡ್ರೈವರನ ಪಕ್ಕದಲ್ಲೇ ಕೂತಿದ್ದೆ. ಹಿಂದಕ್ಕೆ ತೆಗೆಯುವಾಗ ಜಲ್ಲಿ ಹಾಸಿದ ದಾರಿ ತಪ್ಪಿ ಹಿಂದಿನ ಚಕ್ರಗಳು ಮರಳಿಗೆ ಜಾರಿದವು. ಅವನು ಆಕ್ಸಿಲರೇಟರ್ ಒತ್ತಿದ. ಎಡಗಡೆಯ ಚಕ್ರ ಗಿರಗಿರನೆ ತಿರುಗಿ ಗುಂಡಿ ತೋಡಿತು. ಬಲಗಡೆಯದು ಊಟಕ್ಕೆ ಕೂತ ನೆಂಟನಂತೆ ಕದಲಲಿಲ್ಲ. ನೀರು ಏರುವ ಹೊತ್ತು, ತೆರೆ ಹತ್ತಿರ ಹತ್ತಿರ ಬರುತ್ತಿತ್ತು. ನನ್ನದೆಂದು ಇರುವ ಗಾಡಿ ಅದೊಂದೇ.

ಡ್ರೈವರನ ಕೈ ಲಾಕಿನ ಸ್ವಿಚ್ಚಿಗೆ ಹೋಯಿತು. ನಾನು ಹಿಡಿದುಕೊಂಡೆ. ಚಕ್ರ ಸುತ್ತುತ್ತಿರುವಾಗ ಲಾಕು ಹಾಕಿದರೆ ಒಳಗಿನ ಹಲ್ಲುಗಳು ಪುಡಿಯಾಗುತ್ತವೆ. ಚಕ್ರ ಪೂರ್ತಿ ನಿಂತ ಮೇಲೆಯೇ ಲಾಕು. ಕಲ್ಲು ಇಲ್ಲೇ ಸುರಿಯೋಣವೇ ಎಂದ. ಓರೆಯಾಗಿ ನಿಂತಿರುವಾಗ ತೊಟ್ಟಿ ಎತ್ತಿದರೆ ಗಾಡಿಯೇ ಮಗುಚುತ್ತದೆ ಎಂದೆ.

ಅಷ್ಟರಲ್ಲಿ ಮೀನುಗಾರರು ಓಡಿಬಂದರು. ಹೇಳುವ ಮೊದಲೇ ಮರಳು ಬಗೆದು, ದೋಣಿಗೆ ಹಾಸುವ ಹಾಗೆ ಚಕ್ರದ ಮುಂದೆ ತೆಂಗಿನ ಮಡಲು ಹಾಸಿದರು. ಎಂಥ ಕೈಚಳಕ! ಆದರೆ ಅವರಲ್ಲಿ ಹಿರಿಯರೊಬ್ಬರು ದೋಣಿಯ ಲೆಕ್ಕದಲ್ಲೇ ಹೇಳಿದರು: "ಹ್ವಾಯ್, ಮೂತಿ ರಸ್ತಿ ಬದಿಗ್ ತಿರ್ಗ್ಸಿ, ತನ್ನಿಂತಾನೆ ಬತ್ತ್."

ಅಲ್ಲೇ ಇರುವುದು ಅಪಾಯ. ಲಾಕು ಬಿದ್ದ ಮೇಲೆ ಎರಡೂ ಬದಿಯ ಚಕ್ರ ಒಂದೇ ಸಮ ತಿರುಗುತ್ತವೆ. ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ಮುಂದಕ್ಕೇ ನುಗ್ಗುತ್ತದೆ, ಹಟ ಮಾಡಿದರೆ ಆಕ್ಸಲ್ ಮುರಿಯುತ್ತದೆ. ನೆಟ್ಟಗೆ ಹೋಗಲು ಅಡ್ಡ ಇದ್ದದ್ದು ಮಳೆಗಾಲಕ್ಕೆಂದು ಮೇಲೆತ್ತಿ ಕೂರಿಸಿದ ಆ ಹಿರಿಯರದ್ದೇ ದೋಣಿ. ಲಾಕು ಹಾಕಿದರೆ ಗಾಡಿ ತಿರುಗುವುದಿಲ್ಲ, ದೋಣಿ ಸರಿಸಿಕೊಡಿ ಎಂದೆ.

"ಹೂತದ್ದ್ ನಿಮ್ ಗಾಡಿ, ಹೊರುಕೆ ನಮ್ ದೋಣಿಯಾ?" ಎಂದರು ಅವರು. ಸುತ್ತಲಿದ್ದವರು ನಕ್ಕರು. ತೆರೆಯ ನೊರೆ ಟಯರಿಗೆ ತಾಗಿತು. ಚೌಕಾಸಿಗೆ ಅದು ಹೊತ್ತಲ್ಲ. ದೋಣಿ ಸರಿಸಿ, ಬದಲಿಗೆ ನೀವು ಏನು ಕೇಳಿದರೂ ಒಪ್ಪಿದೆ ಎಂದುಬಿಟ್ಟೆ.

"ಹಂಗಾರೆ ವಾಪಾಸ್ ಇಡುವತಿಗೆ ನೀವೂ ಹೆಗ್ಲ್ ಕೊಡ್ಕ್."

ದೋಣಿ ಪಕ್ಕಕ್ಕೆ ಸರಿಯಿತು. ಜನರನ್ನೆಲ್ಲ ದೂರ ನಿಲ್ಲಿಸಿದೆ. ಲಾಕಿನ ದೀಪ ಹತ್ತಿತು. ಮೊದಲ ಗೇರಿನಲ್ಲಿ, ಕಾಲು ಹಗುರಾಗಿಟ್ಟು, ಸ್ಟಿಯರಿಂಗ್ ನೆಟ್ಟಗೆ. ಕೂತಿದ್ದ ಬಲಗಡೆಯ ಚಕ್ರ ಮೆಲ್ಲನೆ ಎದ್ದಿತು. ಮಡಲು ಪಟಪಟ ಮುರಿಯಿತು, ಗಾಡಿ ಗಟ್ಟಿ ನೆಲ ಹತ್ತಿತು. ಎಲ್ಲರೂ ಕೇಕೆ ಹಾಕಿದರು, ನಾನೂ. ಆ ಖುಷಿಯಲ್ಲಿ ಡ್ರೈವರ್ ಹಾಗೇ ರಸ್ತೆಗೆ ತಿರುಗಿಸಲು ಹೊರಟ, ನಿಲ್ಲಿಸಿದೆ. ಲಾಕು ತೆಗೆದು, ದೀಪ ಆರಿದ್ದನ್ನು ನೋಡಿಯೇ ತಿರುವಿಗೆ ಬಿಟ್ಟೆ. ಈ ಕೊನೆಯ ಗಳಿಗೆಯನ್ನೇ ಜನ ಮರೆಯುವುದು.

ಆಮೇಲೆ ಪಂಚೆ ಎತ್ತಿ ಕಟ್ಟಿ ದೋಣಿಗೆ ಹೆಗಲು ಕೊಟ್ಟೆ. ಭಾರಕ್ಕೆ ಕಾಲು ಒಂದು ಬದಿಗೆ ಎಳೆಯುತ್ತಿತ್ತು. ಹಿಂದಿನಿಂದ ಹಿರಿಯರ ದನಿ ಬಂತು: "ಹ್ವಾಯ್, ನೆಟ್ಟಗ್ ಬನ್ನಿ. ಲಾಕ್ ಹಾಕಿತ್ತ್, ತಿರ್ಗುಕಾಗ."